ಹಳೇ ಬಟ್ಟೆಯಿಂದ ಅಡುಗೆಮನೆಗೆ ಕೈನೇಯ್ಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಸಿಬಟ್ಟೆ, ಪಾತ್ರೆ ಕೆಳಗಿನ ಮ್ಯಾಟು, ಊಟದ ಹಾಸು, ಸಿಂಬೆ. ಇವನ್ನೆಲ್ಲ ಮನೆಯ ಹಳೇ ಬಟ್ಟೆಯಲ್ಲೇ ನೇಯಬಹುದೇ ಎಂದು ಮೈಸೂರು, ಮಂಡ್ಯ ಕಡೆಯವರು ಮಾತಿನಲ್ಲೂ ಕಾಗದದಲ್ಲೂ ಕೇಳುತ್ತಿರುವ ಪ್ರಶ್ನೆಗಳು ಇಲ್ಲಿವೆ. ಸುಲಭದವು ಮೊದಲು, ಕಷ್ಟದವು ಆಮೇಲೆ.

## ಬಟ್ಟೆ ಆರಿಸುವಾಗ

ಬೀರು ತುಂಬ ಹಳೇ ಬಟ್ಟೆ ಇದೆ. ಯಾವುದರಿಂದ ಶುರು ಮಾಡ್ಲಿ?

ಮೊದಲು ಯಾವ ಪಾತ್ರೆಗೆ, ಯಾವ ಜಾಗಕ್ಕೆ ಬೇಕು ಅನ್ನುವುದನ್ನು ನಿರ್ಧರಿಸಿ, ಆಮೇಲೆ ಬೀರು ತೆಗೆಯಿರಿ. ಒಲೆಯ ಹತ್ತಿರ ಬರುವುದೆಲ್ಲ ಅಪ್ಪಟ ಹತ್ತಿಯೇ ಆಗಬೇಕು: ಹತ್ತಿ ಸೀರೆ, ಪಂಚೆ, ಲುಂಗಿ, ಟವೆಲ್, ಹತ್ತಿಯ ಟೀ ಶರ್ಟ್, ನೈಟಿ. ಸಿಂಕಿನ ಪಕ್ಕ ತೊಳೆದ ಪಾತ್ರೆ ಬೋರಲು ಹಾಕುವ ಮ್ಯಾಟಿಗೂ ಫ್ರಿಜ್ಜಿನ ಮೇಲಿನ ಹಾಸಿಗೂ ಪಾಲಿಯೆಸ್ಟರ್ ಸೀರೆ ನಡೆಯುತ್ತದೆ. ಬೇಗ ಒಣಗುವುದರಿಂದ ಅಲ್ಲಿಗೆ ಅದೇ ವಾಸಿ.

ಮೊದಲ ಸಲ ನೇಯುವವರಿಗೆ ಹತ್ತಿ ಟೀ ಶರ್ಟಿನಷ್ಟು ಒಗ್ಗುವ ಬಟ್ಟೆ ಇನ್ನೊಂದಿಲ್ಲ. ಪಟ್ಟಿ ತಾನೇ ಸುರುಳಿಯಾಗಿ ಹಗ್ಗದ ಹಾಗೆ ಆಗುತ್ತದೆ, ಎಳೆ ಬಿಡುವುದಿಲ್ಲ, ತಪ್ಪಾದರೆ ಬಿಚ್ಚಿ ಮತ್ತೆ ನೇಯಬಹುದು.

ಲೇಬಲ್ ಹರಿದುಹೋಗಿದೆ. ಹತ್ತಿಯೋ ಪಾಲಿಯೆಸ್ಟರೋ ಹೇಗೆ ಗೊತ್ತಾಗುತ್ತೆ?

ಸುಟ್ಟು ನೋಡಬೇಕು. ಒಳಹೊಲಿಗೆಯ ಕಡೆಯಿಂದ ಎರಡಿಂಚು ಉದ್ದದ ನಾಲ್ಕೈದು ಎಳೆ ಕಿತ್ತು ಸೇರಿಸಿ ಹೊಸೆದು, ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ ಬೆಂಕಿ ಕಡ್ಡಿ ತಾಗಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ, ಬೂದಿ ಮುಟ್ಟಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಬೆಂಕಿ ಕಂಡೊಡನೆ ಮುದುರಿ ಕರಗುತ್ತದೆ, ಕಪ್ಪು ಹೊಗೆ ಬಿಡುತ್ತದೆ, ಆರಿದ ಮೇಲೆ ತುದಿಯಲ್ಲಿ ಗಟ್ಟಿ ಮಣಿ ಉಳಿಯುತ್ತದೆ. ರೇಷ್ಮೆ, ಉಣ್ಣೆ ಕೂದಲು ಸುಟ್ಟ ವಾಸನೆ ಕೊಡುತ್ತವೆ.

ಬೂದಿಯೂ ಇದೆ, ಜೊತೆಗೆ ಸಣ್ಣ ಗಂಟೂ ಇದೆ ಅಂದರೆ ಮಿಶ್ರ ಬಟ್ಟೆ. ಶಾಲೆಯ ಯೂನಿಫಾರಂ, ಟೆರಿಕಾಟ್ ಪ್ಯಾಂಟು ಹೆಚ್ಚಾಗಿ ಈ ಗುಂಪಿನವು. ಒಲೆಗೆ ಬೇಡ.

ಹಾಸಿನ ಎಳೆ (ಬಟ್ಟೆಯ ಉದ್ದಕ್ಕೆ ಹೋಗುವುದು), ಹೊಕ್ಕಿನ ಎಳೆ (ಅಡ್ಡಕ್ಕೆ ಹೋಗುವುದು) ಎರಡನ್ನೂ ಬೇರೆ ಬೇರೆ ಸುಟ್ಟು ನೋಡಿ. ಒಂದು ಕಡೆ ಹತ್ತಿ, ಇನ್ನೊಂದು ಕಡೆ ಪಾಲಿಯೆಸ್ಟರ್ ಇರುವ ಸೀರೆಗಳು ಧಾರಾಳವಾಗಿ ಇವೆ.

ಪಾಲಿಯೆಸ್ಟರ್ ಆದ್ರೆ ಏನಾಗುತ್ತೆ? ಬೇಳೆ ಪಾತ್ರೆ ಇಳಿಸೋಕೆ ತಾನೇ?

ಬೇಳೆ ಪಾತ್ರೆ ಒಂದೇ ಆಗಿದ್ದರೆ ತೊಂದರೆ ಇರಲಿಲ್ಲ. ನೀರು ಮೈಸೂರಿನ ಎತ್ತರದಲ್ಲಿ 97 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕುದಿಯುತ್ತದೆ, ಕುಕ್ಕರಿನ ಒಳಗೆ ಸುಮಾರು 120. ಆದರೆ ಅದೇ ಮಸಿಬಟ್ಟೆಯಲ್ಲಿ ನಾಳೆ ಕರಿಯುವ ಬಾಣಲೆ ಹಿಡಿಯುತ್ತೀರಿ. ಎಣ್ಣೆಯೇ 180 ಮುಟ್ಟಿರುತ್ತದೆ. ದೋಸೆ ಕಾವಲಿ ಒಂದೆರಡು ನಿಮಿಷ ಬರಿದಾಗಿ ಕಾದರೆ 250 ದಾಟುವುದು ದೊಡ್ಡ ಮಾತಲ್ಲ. ಪಾಲಿಯೆಸ್ಟರ್ ಕರಗುವುದು ಸುಮಾರು 255ರಲ್ಲಿ, ನೈಲಾನಿನ ಕೆಲವು ಬಗೆ ಅದಕ್ಕೂ ಮೊದಲೇ. ಕರಗಿದ್ದು ಕೈಗೆ ಅಂಟಿಕೊಂಡರೆ ಚರ್ಮ ಕಿತ್ತುಕೊಂಡೇ ಬರುತ್ತದೆ. ಹತ್ತಿ ಕಂದು ಬಣ್ಣಕ್ಕೆ ತಿರುಗಿ ಸೀದ ವಾಸನೆ ಕೊಟ್ಟು ಎಚ್ಚರಿಸುತ್ತದೆ, ಕರಗುವುದಿಲ್ಲ.

ಮೈಸೂರು ಸಿಲ್ಕ್ ಸೀರೆ ಅಲ್ಲಲ್ಲಿ ಹರಿದಿದೆ. ಅದನ್ನೂ ಪಟ್ಟಿ ಮಾಡಬಹುದಾ?

ಮಾಡಬೇಡಿ. 1912ರಲ್ಲಿ ಶುರುವಾದ ಮೈಸೂರಿನ ಸರ್ಕಾರಿ ಕಾರ್ಖಾನೆಯ ಸೀರೆಯಾದರೆ ಜರಿ ಅಸಲಿ, ಹಳೇ ಜರಿ ಕೊಳ್ಳುವವರು ಇದ್ದಾರೆ. ಅದೂ ಅಲ್ಲದೆ ರೇಷ್ಮೆ ಪಟ್ಟಿ ನುಣುಪು. ನೇಯ್ದರೂ ಜಾರಿಕೊಂಡು ಸಡಿಲವಾಗುತ್ತದೆ. ಜರಿ ಇರುವ ಯಾವ ಹಾಸನ್ನೂ ಮೈಕ್ರೋವೇವಿನ ಒಳಗೆ ಇಡಬಾರದು, ಕಿಡಿ ಹಾರುತ್ತದೆ.

ಕತ್ತರಿಸೋಕೆ ಮುಂಚೆ ಬಟ್ಟೆಗೆ ಏನೇನು ಮಾಡಬೇಕು?

ಗುಂಡಿ, ಜಿಪ್, ಎಲಾಸ್ಟಿಕ್, ಕಾಲರಿನೊಳಗಿನ ಕ್ಯಾನ್ವಾಸ್ ತೆಗೆಯಿರಿ. ಸೀರೆಯ ಫಾಲನ್ನು ಬಿಚ್ಚಿ. ಅದು ಬಹಳ ಸಲ ಬೇರೆ ಬಟ್ಟೆಯದಾಗಿರುತ್ತದೆ, ಕುಗ್ಗುವ ಲೆಕ್ಕವೂ ಬೇರೆ. ಟೀ ಶರ್ಟಿನ ಮೇಲೆ ರಬ್ಬರಿನ ಹಾಗೆ ಕೈಗೆ ಸಿಗುವ ಪ್ರಿಂಟ್ ಇದ್ದರೆ ಆ ಭಾಗ ಪೂರ್ತಿ ಬಿಡಿ. ಬಿಸಿ ತಾಗಿದರೆ ಅಂಟಂಟಾಗಿ ಪಾತ್ರೆಯ ತಳಕ್ಕೆ ಹಿಡಿಯುತ್ತದೆ.

ಆಮೇಲೆ ಬಿಸಿ ನೀರಿನಲ್ಲಿ ಒಂದು ಸಲ ಒಗೆದು ಬಿಸಿಲಿಗೆ ಹಾಕಿ. ಬಣ್ಣ ಬಿಡುತ್ತದೋ ಎಂದು ನೋಡಲು ಒದ್ದೆ ಇರುವಾಗಲೇ ಬಿಳಿ ಪಂಚೆಯ ತುಂಡಿನಿಂದ ಉಜ್ಜಿ. ಕಡುಕೆಂಪು, ನೀಲಿ, ಕಪ್ಪು ತಕರಾರಿನ ಬಣ್ಣಗಳು. ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅನ್ನುವ ನಂಬಿಕೆ ಬಲವಾಗಿದೆ. ಒಮ್ಮೆ ಬಣ್ಣ ಹಾಕಿದ ಬಟ್ಟೆಯಲ್ಲಿ ಉಪ್ಪಿನಿಂದ ಏನೂ ಆಗದು. ನೀರು ತಿಳಿಯಾಗುವ ತನಕ ಒಗೆಯಬೇಕು, ಇಲ್ಲವೇ ಕಡುಬಣ್ಣವನ್ನು ಕಡುಬಣ್ಣದ ಜೊತೆಗೇ ನೇಯಬೇಕು.

## ಪಟ್ಟಿ ಮತ್ತು ಚೌಕಟ್ಟು

ಟೀ ಶರ್ಟನ್ನು ತುಂಡಾಗದ ಹಾಗೆ ಒಂದೇ ಉದ್ದ ಪಟ್ಟಿ ಮಾಡೋದು ಹೇಗೆ?

ಪಕ್ಕದಲ್ಲಿ ಹೊಲಿಗೆ ಇಲ್ಲದ, ಕೊಳವೆಯ ಹಾಗೆ ಇರುವ ಟೀ ಶರ್ಟು ಉತ್ತಮ. ಕೆಳಗಿನ ಮಡಿಕೆ ಕತ್ತರಿಸಿ ಬಿಸಾಡಿ. ಕಂಕುಳ ಕೆಳಗೆ ಅಡ್ಡಡ್ಡ ಒಂದೇ ಗೆರೆಯಲ್ಲಿ ಕತ್ತರಿಸಿ. ಉಳಿದ ಕೊಳವೆಯನ್ನು ನೆಲದ ಮೇಲೆ ಚಪ್ಪಟೆಯಾಗಿ ಹಾಸಿ, ಎಡಗಡೆಯ ಅಂಚನ್ನು ಬಲಗಡೆಗೆ ಮಡಚಿ. ಬಲ ಅಂಚು ಒಂದೂವರೆ ಇಂಚು ಹೊರಗೆ ಕಾಣುತ್ತಿರಬೇಕು. ಈಗ ಮಡಿಕೆ ಕಡೆಯಿಂದ ಒಂದೊಂದು ಇಂಚಿಗೆ ಕತ್ತರಿ ಹಾಕಿ, ಹೊರಗಿರುವ ಆ ಒಂದೂವರೆ ಇಂಚನ್ನು ಮುಟ್ಟದೆ ನಿಲ್ಲಿಸಿ.

ಬಿಡಿಸಿದರೆ ಬೆನ್ನುಮೂಳೆಯ ಹಾಗೆ ಒಂದು ಪಟ್ಟೆ, ಅದರಿಂದ ಇಳಿಬಿದ್ದ ಬಳೆಗಳು. ಆ ಪಟ್ಟೆಯನ್ನು ಕೈಯ ಮೇಲೆ ಹರಡಿಕೊಂಡು ಓರೆಯಾಗಿ ಕತ್ತರಿಸುತ್ತಾ ಹೋಗಿ: ಈ ಕಡೆಯ ಮೊದಲ ಸೀಳಿನಿಂದ ಆ ಕಡೆಯ ಎರಡನೆಯದಕ್ಕೆ, ಎರಡನೆಯದರಿಂದ ಮೂರನೆಯದಕ್ಕೆ. ನೇರ ಕತ್ತರಿಸಿದರೆ ಬಳೆಗಳು ಬಿಡಿಬಿಡಿಯಾಗಿ ಉದುರುತ್ತವೆ. ಇಲ್ಲಿ ಎಡವುವವರೇ ಹೆಚ್ಚು. ಕೊನೆಗೆ ಪಟ್ಟಿಯನ್ನು ಮಾರುದ್ದ ಹಿಡಿದು ಎಳೆಯಿರಿ, ಅಂಚು ಒಳಕ್ಕೆ ಸುರುಳಿಯಾಗುತ್ತದೆ. ಮಧ್ಯಮ ಅಳತೆಯ ಒಂದು ಟೀ ಶರ್ಟಿನಿಂದ ಎಳೆಯುವ ಮುಂಚೆ ಸುಮಾರು 16 ಮೀಟರ್, ಎಳೆದ ಮೇಲೆ 20 ಮೀಟರ್ ಹತ್ತಿರ ಸಿಗುತ್ತದೆ. ಮೇಲಿನಿಂದ ಕೆಳಕ್ಕೆ ಉದ್ದುದ್ದ ಕತ್ತರಿಸಬೇಡಿ, ಆ ಪಟ್ಟಿ ಚೆನ್ನಾಗಿ ಹಿಗ್ಗುವುದೂ ಇಲ್ಲ, ಸುರುಳಿಯಾಗುವುದೂ ಇಲ್ಲ.

ಲುಂಗಿ, ಸೀರೆಗೂ ಹೀಗೇನಾ?

ಅಲ್ಲ, ಅವನ್ನು ಹರಿಯಬೇಕು. ಅಂಚಿನಲ್ಲಿ ಒಂದೊಂದು ಇಂಚಿಗೆ ಕತ್ತರಿಯಿಂದ ಗಾಯ ಮಾಡಿ ಪರ್ರನೆ ಎಳೆದರೆ ಎಳೆಯ ಜಾಡಿನಲ್ಲೇ ನೇರ ಹರಿಯುತ್ತದೆ. ಕತ್ತರಿಯಲ್ಲಿ ಅಷ್ಟು ನೇರ ಬರುವುದಿಲ್ಲ, ಓರೆಯಾದ ಕಡೆ ಎಳೆ ಬಿಡುತ್ತಲೇ ಇರುತ್ತದೆ. ಹರಿಯುವಾಗ ಧೂಳು ವಿಪರೀತ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಹಿತ್ತಲಲ್ಲಿ ಮಾಡಿ.

ಊಟದ ಹಾಸಿಗೆ ಒಂದಿಂಚು ಅಗಲ, ದಪ್ಪ ಮ್ಯಾಟಿಗೆ ಒಂದೂವರೆ. ಐದೂವರೆ ಮೀಟರಿನ ಹತ್ತಿ ಸೀರೆಯಿಂದ ಒಂದಿಂಚಿನ 45 ಪಟ್ಟಿ, ಅಂದರೆ ಹತ್ತಿರ ಹತ್ತಿರ 250 ಮೀಟರ್. ಎರಡು ಮೀಟರ್ ಲುಂಗಿಯಿಂದ 90 ಮೀಟರ್. ಲಡ್ಡಾಗಿರುವ ಬಟ್ಟೆಯನ್ನು ನೇಯಬೇಡಿ: ಹರಿಯುವಾಗ ಅಡ್ಡಾದಿಡ್ಡಿ ಕಿತ್ತುಬಂದರೆ ಆ ಬಟ್ಟೆಯ ಆಯಸ್ಸು ಮುಗಿಯಿತು ಅಂತಲೇ ಲೆಕ್ಕ. ಮೊಣಕಾಲು, ಕೂರುವ ಜಾಗ ಸವೆದಿರುತ್ತದೆ, ಲುಂಗಿಯಲ್ಲಿ ಅಷ್ಟನ್ನು ಬಿಟ್ಟು ಉಳಿದದ್ದು ತೆಗೆದುಕೊಳ್ಳಿ.

ಮಗ್ಗ ಕೊಳ್ಳಬೇಕಾ?

ಬೇಡ. ಗಾಜು ತೆಗೆದ ಹಳೇ ಫೋಟೋ ಫ್ರೇಮು ಗಟ್ಟಿಯಾಗಿದ್ದರೆ ಸಾಕು. ಇಲ್ಲದಿದ್ದರೆ ಬಡಗಿ ಹತ್ತಿರ ಮುಕ್ಕಾಲು ಇಂಚು ದಪ್ಪದ ರೀಪರಿನಲ್ಲಿ ಮಾಡಿಸಿ. ಎರಡು ಚೌಕಟ್ಟು ಇದ್ದರೆ ಎಲ್ಲ ಕೆಲಸವೂ ನಡೆಯುತ್ತದೆ.

ಚಿಕ್ಕದು ಬಿಸಿ ಪಾತ್ರೆಯ ಮ್ಯಾಟಿಗೆ. ಎಂಟಿಂಚು ಚೌಕ, ನಾಲ್ಕೂ ಬದಿಯಲ್ಲಿ ಅರ್ಧರ್ಧ ಇಂಚಿಗೆ ಮೊಳೆ, ಬದಿಗೆ 17. ದೊಡ್ಡದು ಊಟದ ಹಾಸಿಗೆ. ಮೇಲೆ ಕೆಳಗೆ ಮಾತ್ರ ಅರ್ಧರ್ಧ ಇಂಚಿಗೆ ಮೊಳೆ, ಒಂದೊಂದು ಕಡೆ 25, ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ 24 ಇಂಚು ಅಂತರ. ಒಂದಿಂಚಿನ ಮೊಳೆ ಅರ್ಧ ಒಳಗೆ, ಅರ್ಧ ಹೊರಗೆ. ಸ್ವಲ್ಪ ಹೊರಕ್ಕೆ ವಾಲಿಸಿ ಹೊಡೆಯಿರಿ, ಇಲ್ಲದಿದ್ದರೆ ಎಳೆತಕ್ಕೆ ಪಟ್ಟಿ ಜಾರಿ ಬರುತ್ತದೆ. ಎಲ್ಲ ಮೊಳೆಯನ್ನೂ ಒಂದೇ ಗೆರೆಯಲ್ಲಿ ಹೊಡೆದರೆ ಮರ ಸೀಳುತ್ತದೆ. ಒಂದು ಬಿಟ್ಟು ಒಂದನ್ನು ಕಾಲಿಂಚು ಹಿಂದೆ ಹೊಡೆಯುವುದು ಮೇಲು.

ಉಳಿದಂತೆ ಬೇಕಾದದ್ದು ಗೋಣಿಚೀಲ ಹೊಲಿಯುವ ದಬ್ಬಳ, ಒಂದು ಮುಳ್ಳು ಚಮಚ, ಕತ್ತರಿ. ದಬ್ಬಳ ಪೇಟೆ ಬೀದಿಯ ಯಾವ ಹಗ್ಗದಂಗಡಿಯಲ್ಲೂ ಸಿಗುತ್ತದೆ.

## ನೇಯುವಾಗ

ಮೊದಲ ಮ್ಯಾಟು ನೇಯುವ ಕ್ರಮ ಹೇಳಿ.

ಚಿಕ್ಕ ಚೌಕಟ್ಟು, ಟೀ ಶರ್ಟ್ ಪಟ್ಟಿ. ಹಾಸು ಮೊದಲು. ಮೇಲಿನ ಮೊದಲ ಮೊಳೆಗೆ ಗಂಟು ಹಾಕಿ, ಕೆಳಗಿನ ಮೊದಲ ಮೊಳೆಗೆ ಇಳಿಸಿ, ಅಲ್ಲಿಂದ ಪಕ್ಕದ ಎರಡನೇ ಮೊಳೆಯನ್ನೂ ಬಳಸಿ ಮೇಲಕ್ಕೆ ತನ್ನಿ. ಮೇಲೆ ಎರಡು, ಮೂರನೇ ಮೊಳೆಗಳನ್ನು ಬಳಸಿ ಮತ್ತೆ ಕೆಳಕ್ಕೆ. ಹೀಗೆ 17 ಎಳೆ, ಸುಮಾರು ನಾಲ್ಕು ಮೀಟರ್. ಪಟ್ಟಿ ಬಿಗಿಯಾಗಿರಬೇಕು, ಆದರೆ ಬೆರಳಲ್ಲಿ ಮೀಟಿದರೆ ಅರ್ಧ ಇಂಚು ಆಡಬೇಕು. ವೀಣೆಯ ತಂತಿಯ ಹಾಗೆ ಎಳೆದು ಕಟ್ಟಿದರೆ ಕೊನೆಯ ನಾಲ್ಕು ಸಾಲು ನೇಯಲು ಜಾಗವೇ ಇರುವುದಿಲ್ಲ, ಮೊಳೆಯಿಂದ ತೆಗೆದ ಕೂಡಲೇ ಮ್ಯಾಟು ಮುದುರಿಕೊಳ್ಳುತ್ತದೆ.

ಹೊಕ್ಕಿಗೆ ಎರಡು ಮೀಟರ್ ಪಟ್ಟಿಯನ್ನು ದಬ್ಬಳಕ್ಕೆ ಪೋಣಿಸಿ ಒಂದರ ಮೇಲೆ, ಒಂದರ ಕೆಳಗೆ. ಬದಿಗೆ ಬಂದಾಗ ಅಲ್ಲಿನ ಎರಡು ಮೊಳೆ ಬಳಸಿ ವಾಪಸು. ಈಗ ಮೇಲೆ ಹೋದದ್ದಕ್ಕೆ ಕೆಳಗೆ, ಕೆಳಗೆ ಹೋದದ್ದಕ್ಕೆ ಮೇಲೆ. ಎರಡೂ ತುದಿಯಿಂದ ನಡುವಿನ ಕಡೆಗೆ ನೇಯುತ್ತಾ ಬಂದರೆ ಅಂಚು ಸಮ ಬರುತ್ತದೆ. 17 ಸಾಲು ಮುಗಿದ ಮೇಲೆ ಮೊಳೆಯಿಂದ ಒಂದೊಂದಾಗಿ ಬಿಡಿಸಿ. ನಾಲ್ಕೂ ಅಂಚು ತಾನೇ ಮುಚ್ಚಿಕೊಂಡಿರುತ್ತದೆ, ಹೊಲಿಗೆ ಬೇಕಿಲ್ಲ. ಉಳಿದ ತುದಿಗಳನ್ನು ದಬ್ಬಳದಿಂದ ಎರಡಿಂಚು ಒಳಗೆ ಸೇರಿಸಿದರೆ ಆಯಿತು.

ಪಟ್ಟಿ ಕುಗ್ಗಿಕೊಂಡು ಎಂಟಿಂಚು ಏಳು ಇಂಚಾಗುತ್ತದೆ. ಒಂದು ಟೀ ಶರ್ಟಿನಲ್ಲಿ ಹೀಗೆ ಎರಡು. ಕುಕ್ಕರ್ ಹಿಡಿಯುವುದಕ್ಕಾದರೆ ಒಂದೇ ಸಾಲದು, ಪಟ್ಟಿಯನ್ನು ಜೋಡಿಯಾಗಿ ಹಿಡಿದು ನೇಯ್ದು ಇಡೀ ಟೀ ಶರ್ಟನ್ನು ಒಂದೇ ಮ್ಯಾಟಿಗೆ ಸುರಿಯಿರಿ.

ಮ್ಯಾಟಿನ ನಡು ಸೊಂಟದ ಹಾಗೆ ಒಳಕ್ಕೆ ಹೋಗುತ್ತೆ. ಯಾಕೆ?

ಹೊಕ್ಕನ್ನು ಬದಿಯಿಂದ ಬದಿಗೆ ನೇರ ಎಳೆಯುತ್ತಿದ್ದೀರಿ. ಹಾಸಿನ ಮೇಲೆ ಕೆಳಗೆ ಏರಿಳಿಯಲು ಹೊಕ್ಕಿಗೆ ಅಗಲಕ್ಕಿಂತ ಹೆಚ್ಚು ಉದ್ದ ಬೇಕು, ಅದು ಸಿಗದಿದ್ದರೆ ಬದಿಯ ಎಳೆಗಳನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಪಟ್ಟಿಯನ್ನು ಕಮಾನಿನ ಹಾಗೆ ಮೇಲೆತ್ತಿ ಬಿಟ್ಟು, 12 ಇಂಚು ಅಗಲಕ್ಕೆ ನಡುವಿನಲ್ಲಿ ಎರಡಿಂಚು ಎತ್ತರ ಇರಲಿ, ಆಮೇಲೆ ಮುಳ್ಳು ಚಮಚದಿಂದ ನಡುವಿನಿಂದ ಬದಿಗೆ ತಟ್ಟುತ್ತಾ ಕೂರಿಸಿ. ನಾಲ್ಕೈದು ಸಾಲಿಗೊಮ್ಮೆ ಸ್ಕೇಲಿಟ್ಟು ಅಗಲ ನೋಡಿ. ಅರ್ಧ ಇಂಚು ಒಳಗೆ ಹೋಗಿದ್ದರೆ ಆಗಲೇ ಬಿಚ್ಚಿ. ಮುಂದಿನ ಸಾಲು ಸಡಿಲ ಬಿಟ್ಟು ಸರಿ ಮಾಡುತ್ತೇನೆ ಅಂದುಕೊಂಡರೆ ಅಲೆಅಲೆಯಾದ ಮ್ಯಾಟೇ ಗತಿ.

ಪಟ್ಟಿ ಮುಗಿದಾಗ ಗಂಟು ಹಾಕಬಹುದಾ?

ಬೇಡ. ಗಂಟಿನ ಮೇಲೆ ಸಾರಿನ ಪಾತ್ರೆ ಇಟ್ಟರೆ ವಾಲುತ್ತದೆ. ಟೀ ಶರ್ಟ್ ಪಟ್ಟಿಯಾದರೆ ಎರಡೂ ತುದಿಯಲ್ಲಿ ಕಾಲಿಂಚು ಸೀಳಿ: ಹೊಸ ಪಟ್ಟಿಯ ತುದಿಯನ್ನು ಹಳೆಯದರ ಸೀಳಿನಲ್ಲಿ ತೂರಿಸಿ, ಹೊಸದರ ಬಾಲವನ್ನು ಅದರದೇ ಸೀಳಿನಲ್ಲಿ ತೂರಿಸಿ, ಮೆಲ್ಲಗೆ ಎಳೆಯಿರಿ. ಸೀರೆ, ಲುಂಗಿ ಪಟ್ಟಿಯಾದರೆ ಎರಡೂ ತುದಿಯನ್ನು ಓರೆಯಾಗಿ ಚೂಪು ಮಾಡಿ ಮೂರಿಂಚು ಒಂದರ ಮೇಲೊಂದು ಇಟ್ಟು ನೇಯ್ದರೆ ಸಾಕು. ಜೋಡಣೆ ಅಂಚಿನಲ್ಲಿ ಬರದಂತೆ ನೋಡಿಕೊಳ್ಳಿ.

ಊಟದ ಹಾಸಿಗೆ ಯಾವ ದಾರ, ಎಷ್ಟು ಬಟ್ಟೆ?

ನೇಯ್ಗೆಯ ಹಾಸು ಎಳೆಗೆ ಗಟ್ಟಿ ಹತ್ತಿ ದಾರ ಬೇಕು. ಪೊಟ್ಟಣ ಕಟ್ಟುವ ಹತ್ತಿ ದಾರ ಸಣ್ಣದಾದರೆ ಮೂರು ಎಳೆ ಸೇರಿಸಿ ಹುರಿ ಮಾಡಿ. ಗಾರೆ ಕೆಲಸದವರು ಕಟ್ಟುವ ನೂಲು ನೈಲಾನು: ಹೊಕ್ಕು ಅದರ ಮೇಲೆ ಜಾರುತ್ತದೆ, ಬಿಸಿಗೂ ಆಗದು. ದೊಡ್ಡ ಚೌಕಟ್ಟಿನಲ್ಲಿ ಮೇಲಿನ ಒಂದು ಮೊಳೆ, ಕೆಳಗಿನ ಒಂದು ಮೊಳೆ ಎಂದು ಅಂಕುಡೊಂಕಾಗಿ ಹೋದರೆ 12 ಇಂಚಿನಲ್ಲಿ 49 ಎಳೆ, ದಾರ 30 ಮೀಟರಿನ ಮೇಲೆ ಸ್ವಲ್ಪ. ಬದಿಯ ಎಳೆಯನ್ನು ಜೋಡಿ ಮಾಡಿ, ಅಲ್ಲೇ ಮೊದಲು ಸವೆಯುವುದು.

ಬಟ್ಟೆಯ ಲೆಕ್ಕ ಹೀಗೆ: ಒಂದಿಂಚಿನ ಸೀರೆ ಪಟ್ಟಿ ಚೆನ್ನಾಗಿ ತಟ್ಟಿದರೆ ಇಂಚಿಗೆ ಎಂಟು ಸಾಲು ಕೂರುತ್ತದೆ, ಲುಂಗಿ ಪಟ್ಟಿ ಆರು. 12ಕ್ಕೆ 18 ಇಂಚಿನ ಹಾಸಿಗೆ ಸೀರೆ ಪಟ್ಟಿ ಸುಮಾರು 48 ಮೀಟರ್, ಲುಂಗಿ ಪಟ್ಟಿ 36. ಹಾಗಾಗಿ ಒಂದು ಸೀರೆಗೆ ಐದು ಹಾಸು, ಒಂದು ಲುಂಗಿಗೆ ಎರಡು. ಶುರುವಿನಲ್ಲೂ ಕೊನೆಯಲ್ಲೂ ಹಾಸಿನ ದಾರದಲ್ಲೇ ಆರೇಳು ಸಾಲು ನೇಯಿರಿ, ಕತ್ತರಿಸಿದ ಮೇಲೆ ನಾಲ್ಕು ನಾಲ್ಕು ಎಳೆ ಸೇರಿಸಿ ಗಂಟು ಹಾಕಿ. ಈ ಗೊಂಡೆ ಊಟದ ಹಾಸಿಗೆ ಚೆಂದ. ಒಲೆ ಹತ್ತಿರದ ಯಾವುದಕ್ಕೂ ಗೊಂಡೆ ಬಿಡಬಾರದು, ಬೆಂಕಿ ಮೊದಲು ಹಿಡಿಯುವುದು ಅಲ್ಲಿಗೇ.

ಮುದ್ದೆ ತಿರುವೋ ಪಾತ್ರೆ ಜಾರ್ತದೆ. ಅದಕ್ಕೊಂದು ಸಿಂಬೆ ಮಾಡ್ಕೊಳ್ಳೋದು ಹೆಂಗೆ?

ಇದು ಮಂಡ್ಯದವರ ಪ್ರಶ್ನೆ ಅನ್ನುವುದನ್ನು ಬೇರೆ ಹೇಳಬೇಕಿಲ್ಲ! ಗುಂಡು ತಳದ ಪಾತ್ರೆಗೆ ಚಪ್ಪಟೆ ಮ್ಯಾಟು ಎಷ್ಟು ದಪ್ಪ ಇದ್ದರೂ ಆಗದು, ಬಳೆಯಾಕಾರವೇ ಬೇಕು.

ಹಳೇ ಟವೆಲನ್ನು ಉದ್ದಕ್ಕೆ ಸುತ್ತಿ, ಬಿಗಿಯಾಗಿ ಹೊಸೆದು, ಒಂದೂವರೆ ಇಂಚು ದಪ್ಪದ ಹುರಿ ಮಾಡಿ. 23 ಇಂಚಿಗೆ ಕತ್ತರಿಸಿ, ತುದಿಗಳನ್ನು ಮೂರಿಂಚು ಒಂದರ ಪಕ್ಕ ಒಂದು ಸೇರಿಸಿ ದಾರದಿಂದ ಬಿಗಿಯಿರಿ. ಸೇರುವ ಜಾಗದಲ್ಲಿ ಎರಡೂ ತುದಿಯನ್ನು ಅರ್ಧ ದಪ್ಪಕ್ಕೆ ಇಳಿಸಿರಬೇಕು, ಇಲ್ಲದಿದ್ದರೆ ಅಲ್ಲಿ ಗುಬುಟು ನಿಂತು ಪಾತ್ರೆ ಕುಣಿಯುತ್ತದೆ. ಮೇಲೆ ಒಂದೂವರೆ ಇಂಚಿನ ಹತ್ತಿ ಸೀರೆ ಪಟ್ಟಿಯನ್ನು, ಒಂದು ಸುತ್ತು ಹಿಂದಿನ ಸುತ್ತಿನ ಅರ್ಧ ಮುಚ್ಚುವ ಹಾಗೆ, ಐದು ಮೀಟರ್ ಸುತ್ತಿ. ಒಳಬದಿಯಲ್ಲಿ ಸುತ್ತುಗಳು ಒತ್ತೊತ್ತಾಗಿ, ಹೊರಬದಿಯಲ್ಲಿ ಬಿಡಿಯಾಗಿ ಬರುವುದು ಸಹಜ. ಇನ್ನೊಂದು ಪಟ್ಟಿಯನ್ನು ಎದುರು ದಿಕ್ಕಿನಲ್ಲಿ, ಮೊದಲ ಸುತ್ತುಗಳ ಒಂದರ ಮೇಲೆ ಒಂದರ ಕೆಳಗೆ ದಬ್ಬಳದಿಂದ ತೂರಿಸುತ್ತಾ ಹೋದರೆ ಸುತ್ತು ಸರಿದಾಡುವುದಿಲ್ಲ.

ಒಳಗಿನ ತೂತು ಪಾತ್ರೆಯ ಬಾಯಿ ಅಗಲದ ಅರ್ಧಕ್ಕಿಂತ ಕಡಿಮೆ ಇರಲಿ. ನುಣುಪು ನೆಲದ ಮೇಲೆ ಸಿಂಬೆಯೇ ಜಾರುತ್ತಿದ್ದರೆ ಕೆಳಗೆ ಒದ್ದೆ ಮಾಡಿ ಹಿಂಡಿದ ಗೋಣಿ ತುಂಡು ಹಾಕಿ. ಕೋಲು ತಿರುಗಿಸುವಾಗಿನ ಬಲಕ್ಕೆ ಸಿಂಬೆ ಒಂದೇ ತಡೆಯಲಾರದು. ಪಾತ್ರೆಯನ್ನು ಒತ್ತಿ ಹಿಡಿಯುವ ಕವೆಗೋಲಿನ ಜಾಗವನ್ನು ಇದು ತುಂಬುವುದಿಲ್ಲ.

## ಬಳಕೆ, ಒಗೆತ

ಅರಿಸಿನದ ಕಲೆ ಒಗೆದರೆ ಕೆಂಪಾಯಿತು. ಹಾಳಾಯ್ತಾ?

ಹಾಳಾಗಿಲ್ಲ. ಸಾಬೂನಿನ, ಸೋಡದ ಕ್ಷಾರಕ್ಕೆ ಅರಿಸಿನ ಕೆಂಪಾಗುತ್ತದೆ, ಚೆನ್ನಾಗಿ ಜಾಲಿಸಿದರೆ ಮತ್ತೆ ಹಳದಿಗೆ ಬರುತ್ತದೆ. ಆ ಹಳದಿಯನ್ನು ಬಿಸಿಲು ತಿನ್ನುತ್ತದೆ. ಒದ್ದೆಯಾಗಿಯೇ ಎರಡು ಮೂರು ದಿನ ಬಿಸಿಲಿಗೆ ಹಾಕಿ.

ವಾರಕ್ಕೇ ಮುಗ್ಗಲು ವಾಸನೆ ಬರುತ್ತೆ.

ದಪ್ಪ ನೇಯ್ಗೆ ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವ ಇರುತ್ತದೆ. ಎರಡೆರಡು ಮಾಡಿಟ್ಟುಕೊಂಡು ದಿನ ಬಿಟ್ಟು ದಿನ ಬಳಸಿ. ಹದಿನೈದು ದಿನಕ್ಕೊಮ್ಮೆ ಎರಡು ಲೀಟರ್ ನೀರಿಗೆ ಒಂದು ಚಮಚ ಬಟ್ಟೆ ಸೋಡ ಹಾಕಿ ಹತ್ತು ನಿಮಿಷ ಕುದಿಸಿ. ಪಾಲಿಯೆಸ್ಟರ್ ಮ್ಯಾಟನ್ನು ಕುದಿಸಬೇಡಿ. ವಾಷಿಂಗ್ ಮಷೀನಿಗೆ ಹಾಕುವುದಾದರೆ ಮೊದಲ ಮೂರು ನಾಲ್ಕು ಸಲ ದಿಂಬಿನ ಚೀಲದೊಳಗೆ ಕಟ್ಟಿ ಹಾಕಿ, ಹರಿದ ಅಂಚಿನ ಎಳೆಗಳು ಫಿಲ್ಟರಿಗೆ ಸಿಕ್ಕಿಕೊಳ್ಳುತ್ತವೆ.

ತೇವ ಇರುವ ಮಸಿಬಟ್ಟೆಯಲ್ಲಿ ಬಿಸಿ ಪಾತ್ರೆ ಹಿಡಿಯಲೇಬಾರದು. ಒಳಗಿನ ನೀರು ಆವಿಯಾಗಿ ಕೈ ಸುಡುತ್ತದೆ. ಒಣ ಬಟ್ಟೆ ಎಷ್ಟೇ ತೆಳುವಾಗಿದ್ದರೂ ಅದಕ್ಕಿಂತ ಮೇಲು. ಎಣ್ಣೆ ಕುಡಿದು ಕರ್ರಗಾದದ್ದನ್ನು ಒಲೆ ಪಕ್ಕ ತೂಗುಹಾಕಬೇಡಿ.

ರೊಟ್ಟಿ, ಇಡ್ಲಿ ನೇರ ಇದರ ಮೇಲೆ ಹಾಕಬಹುದಾ?

ಬೇಡ. ಹಳೇ ಬಟ್ಟೆಯ ಬಣ್ಣ, ಪ್ರಿಂಟು ಊಟಕ್ಕೆಂದು ಮಾಡಿದ್ದಲ್ಲ. ನಡುವೆ ಬಾಳೆ ಎಲೆಯೋ ಬಿಳಿ ಪಂಚೆ ತುಂಡೋ ಇರಲಿ.

## ಸ್ವಲ್ಪ ಮುಂದುವರಿದವರಿಗೆ

ಕೊಡಿಯಾಲದ ನೇಕಾರರ ಹತ್ತಿರ ನಮ್ಮ ಸೀರೆ ಪಟ್ಟಿ ಕೊಟ್ಟು ಉದ್ದಕ್ಕೆ ನೇಯಿಸಬಹುದಾ?

ಕೇಳುವವರು ಬಹಳ. ಶ್ರೀರಂಗಪಟ್ಟಣ ತಾಲ್ಲೂಕಿನ ಕೊಡಿಯಾಲದ ಸೀರೆ ಮಗ್ಗವಾಗಲಿ, ಮೇಲುಕೋಟೆಯ ಪಂಚೆ ಮಗ್ಗವಾಗಲಿ ಸಣ್ಣ ನೂಲಿಗೆ ಹದಗೊಂಡವು. ಒಂದಿಂಚಿನ ಬಟ್ಟೆ ಪಟ್ಟಿ, ಹೊಕ್ಕಿನ ನೂಲು ಒಯ್ಯುವ ಆ ಲಾಳಿಯ ಕಂಡಿಕೆಗೆ (ನೂಲು ಸುತ್ತುವ ಕೊಳವೆಗೆ) ಸುತ್ತಿಕೊಳ್ಳುವುದಿಲ್ಲ, ಹಾಸು ಬಾಯಿ ತೆರೆಯುವ ಜಾಗದಲ್ಲಿ ದಪ್ಪ ಪಟ್ಟಿ ಸಲೀಸಾಗಿ ಹಾಯುವುದಿಲ್ಲ. ಪಟ್ಟಿಯನ್ನು ಕೂರಿಸಲು ಜೋರಾಗಿ ಬಡಿದರೆ ಸಣ್ಣ ಹಾಸು ಕಡಿಯುತ್ತದೆ. ಒಂದು ಹಾಸು ಹೂಡುವುದಕ್ಕೇ ದಿನಗಟ್ಟಲೆ ಕೆಲಸ ಇರುವಾಗ ಚಿಂದಿಗಾಗಿ ಮಗ್ಗ ಬಿಡಿ ಎಂದು ಕೇಳುವುದು ಅವರಿಗೆ ನಷ್ಟ. ಬಿಡಿ ಎಳೆಯ, ದಪ್ಪ ಹಣಿಗೆಯ (ಹೊಕ್ಕನ್ನು ಬಡಿದು ಕೂರಿಸುವ ಬಾಚಣಿಗೆಯ) ಜಮಖಾನದ ಮಗ್ಗವಾದರೆ ಈ ಕೆಲಸಕ್ಕೆ ಸರಿ.

ಲೆಗ್ಗಿಂಗ್ಸ್, ಸಾಕ್ಸನ್ನು ಬಳೆ ಬಳೆಯಾಗಿ ಕತ್ತರಿಸಿ ನೇಯೋದು ನೋಡಿದೀನಿ. ಅದು ಸುಲಭ ಅಲ್ವಾ?

ನೇಯುವುದು ಸುಲಭ, ಮುಗಿಸುವುದು ಕಷ್ಟ. ಬಳೆಗಳನ್ನು ಎದುರುಬದುರು ಮೊಳೆಗೆ ಸಿಕ್ಕಿಸಿದ್ದರಿಂದ ಮೊಳೆಯಿಂದ ಬಿಡಿಸಿದ ಕೂಡಲೇ ಕಳಚಿಕೊಳ್ಳುತ್ತವೆ. ಕ್ರೋಷಾ ಕಡ್ಡಿಯಿಂದ ಮೂಲೆಯ ಕುಣಿಕೆಯೊಳಗೆ ಪಕ್ಕದ ಕುಣಿಕೆಯನ್ನು ಎಳೆದು, ಅದರೊಳಗೆ ಅದರ ಪಕ್ಕದ್ದನ್ನು ಎಳೆದು, ಹೀಗೆ ನಾಲ್ಕೂ ಬದಿ ಸುತ್ತಬೇಕು. ಕೊನೆಯ ಕುಣಿಕೆ ಗೋಡೆಗೆ ತೂಗುಹಾಕಲು ಉಳಿಯುತ್ತದೆ. ಹತ್ತಿ ಲೆಗ್ಗಿಂಗ್ಸಿನಲ್ಲಿ ಸ್ವಲ್ಪ ಲೈಕ್ರಾ (ಹಿಗ್ಗುವ ಎಳೆ) ಇದ್ದರೂ ನೇಯಲು ಪರವಾಗಿಲ್ಲ, ಒಲೆಗೆ ಮಾತ್ರ ಬೇಡ. ಸಾಕ್ಸ್ ಬಹುಪಾಲು ನೈಲಾನು ಇಲ್ಲವೇ ಪಾಲಿಯೆಸ್ಟರು, ಅದನ್ನು ಸಿಂಕಿನ ಪಕ್ಕಕ್ಕೆ ಇಟ್ಟುಕೊಳ್ಳಿ.

ಮಾರಿದರೆ ಏನಾದರೂ ಗಿಟ್ಟುತ್ತಾ?

ಚಿಕ್ಕ ಮ್ಯಾಟು ಕೈಪಳಗಿದ ಮೇಲೂ ಒಂದು ಗಂಟೆ, ಊಟದ ಹಾಸು ಪಟ್ಟಿ ಹರಿಯುವುದೂ ಸೇರಿ ಅರ್ಧ ದಿನ ಹಿಡಿಯುತ್ತದೆ. ಬಟ್ಟೆ ಪುಕ್ಕಟೆ ಎಂದು ಬೆಲೆ ಇಳಿಸಿದರೆ ಕೂಲಿಯೂ ಹುಟ್ಟುವುದಿಲ್ಲ. ದಸರಾ ವಸ್ತುಪ್ರದರ್ಶನದಂಥ ಕಡೆ ಕೊಳ್ಳುವವರು ಬಿಡಿ ಮ್ಯಾಟಿಗಿಂತ ಒಂದೇ ಬಣ್ಣದ ಆರರ ಜೊತೆಯನ್ನು ಕೇಳುತ್ತಾರೆ, ಹಳೇ ಬಟ್ಟೆಯಲ್ಲಿ ಆರು ಒಂದೇ ಥರ ಹೊಂದಿಸುವುದೇ ಪಡಿಪಾಟಲು. ಅದಕ್ಕೆ ದಾರಿ ಒಂದೇ: ನೇಯುವ ಮುಂಚೆ ಪಟ್ಟಿಗಳನ್ನು ಬಣ್ಣವಾರು ಉಂಡೆ ಕಟ್ಟಿಡಿ. ಪ್ರತಿ ಹಾಸಿಗೂ ಒಂದೇ ಲುಂಗಿ ಬಳಸಿ ಮುಗಿಸುವ ಬದಲು ಮೂರು ಲುಂಗಿಯ ಪಟ್ಟಿಯನ್ನು ಆರೂ ಹಾಸಿಗೆ ಹಂಚಿ. ಮತ್ತೆ, ಮಾರುವ ಪ್ರತಿ ಮಸಿಬಟ್ಟೆಯನ್ನೂ ಮೊದಲು ನೀವೇ ಪರೀಕ್ಷೆ ಮಾಡಿ: ಕಟ್ಟೆಯ ಮೇಲೆ ನೀರು ಕುದಿದ ಪಾತ್ರೆ ಇಟ್ಟು, ಅಂಚನ್ನು ಹಿಡಿದು ಮೆಲ್ಲಗೆ ಇಪ್ಪತ್ತು ಎಣಿಸಿ. ಅಷ್ಟರೊಳಗೆ ಕೈ ಬಿಡಬೇಕಾದರೆ ಅದನ್ನು ಲೋಟದ ಕೆಳಗಿನ ಹಾಸು ಎಂದು ಮಾರಿ, ಮಸಿಬಟ್ಟೆ ಎಂದಲ್ಲ.